ಕೌನ್ಸೆಲಿಂಗ್‌ಗೆ ಒಬ್ಬರೇ ಹೋಗಬೇಕಾ, ಜೋಡಿಯಾಗಿ ಹೋಗಬೇಕಾ, ಮನೆಯವರೆಲ್ಲ ಹೋಗಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕೌನ್ಸೆಲಿಂಗ್ ಬಗ್ಗೆ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಖರ್ಚೆಷ್ಟು? ಯಾರಿಗಾದರೂ ಗೊತ್ತಾಗುತ್ತಾ? ಮಾತ್ರೆ ಕೊಡುತ್ತಾರಾ? ಇವೆಲ್ಲ ಬೇಕಾದ ಪ್ರಶ್ನೆಗಳೇ. ಆದರೆ ಇನ್ನೊಂದು ಪ್ರಶ್ನೆಯನ್ನು ಕೇಳುವವರು ಕಡಿಮೆ. ಆ ಕೋಣೆಯಲ್ಲಿ ಯಾರು ಯಾರು ಕೂರಬೇಕು? ಮನೆಯಲ್ಲಿ ಏನೋ ಸರಿಯಿಲ್ಲ ಅನ್ನಿಸಿದಾಗ ಒಬ್ಬರನ್ನು ಆರಿಸಿ, "ಇವನಿಗೆ ಸ್ವಲ್ಪ ಹೇಳಿ" ಎಂದು ಕರೆತರುವುದು ನಮ್ಮಲ್ಲಿ ರೂಢಿ. ತೊಂದರೆ ಆ ಒಬ್ಬರೊಳಗೆ ಇದೆಯೋ, ಇಬ್ಬರ ನಡುವೆ ಇದೆಯೋ, ಇಡೀ ಮನೆಯ ನಡವಳಿಕೆಯಲ್ಲಿದೆಯೋ ಎಂದು ನೋಡದೆ ಹೊರಟರೆ ತಿಂಗಳುಗಟ್ಟಲೆ ಸಮಯ ಹಾಳಾಗುತ್ತದೆ. ಈ ಪುಟದ ಹೆಚ್ಚಿನ ಉತ್ತರಗಳು ಸುತ್ತಿ ಬಳಸಿ ಅದೇ ವಿಷಯಕ್ಕೆ ಬರುತ್ತವೆ.

ಕೌನ್ಸೆಲಿಂಗ್ ಅಂದರೆ ಬುದ್ಧಿ ಹೇಳುವುದಾ?

ಅಲ್ಲ. ಬುದ್ಧಿ ಹೇಳುವವರಿಗೆ ನಮ್ಮಲ್ಲಿ ಬರ ಇಲ್ಲ. ಅತ್ತೆ, ಚಿಕ್ಕಪ್ಪ, ಪಕ್ಕದ ಮನೆಯವರು, ಆಫೀಸಿನ ಹಿರಿಯರು ಎಲ್ಲರೂ ಹೇಳುತ್ತಾರೆ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊ", "ಒಂದು ಮಗು ಆದರೆ ಎಲ್ಲಾ ಸರಿಹೋಗುತ್ತೆ", "ಮನಸ್ಸು ಗಟ್ಟಿ ಮಾಡ್ಕೊ". ಇಷ್ಟರಿಂದ ಸರಿಹೋಗುವಂತಿದ್ದರೆ ಯಾರೂ ಕೌನ್ಸೆಲರ್ ಹತ್ತಿರ ಬರುತ್ತಿರಲಿಲ್ಲ.

ಕೌನ್ಸೆಲರ್ ಮೊದಲು ಕೇಳಿಸಿಕೊಳ್ಳುತ್ತಾರೆ. ನಡುವೆ ಬಾಯಿ ಹಾಕದೆ, ತೀರ್ಪು ಕೊಡದೆ ಕೇಳಿಸಿಕೊಳ್ಳುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1940ರ ದಶಕದಲ್ಲೇ ಈ ವಿಧಾನಕ್ಕೆ ಗಟ್ಟಿ ನೆಲೆ ಹಾಕಿದರು. ಎದುರಿಗಿರುವವರನ್ನು ಇದ್ದ ಹಾಗೇ ಒಪ್ಪಿಕೊಂಡರೆ ಅವರು ತಮ್ಮ ಕಷ್ಟವನ್ನು ತಾವೇ ಧೈರ್ಯವಾಗಿ ನೋಡುತ್ತಾರೆ ಎಂಬುದು ಅವರ ನಂಬಿಕೆ. ಕೇಳಿಸಿಕೊಂಡ ಮೇಲೆ ಕೆಲಸ ಶುರುವಾಗುತ್ತದೆ. ಏನು ಬದಲಾಗಬೇಕು, ಯಾವುದನ್ನು ಮೊದಲು ಹಿಡಿಯಬೇಕು, ಮುಂದಿನ ಭೇಟಿಯೊಳಗೆ ಏನು ಮಾಡಿ ನೋಡಬೇಕು ಎಂದು ಇಬ್ಬರೂ ಸೇರಿ ತೀರ್ಮಾನಿಸುತ್ತಾರೆ.

ಸೈಕಿಯಾಟ್ರಿಸ್ಟ್, ಸೈಕಾಲಜಿಸ್ಟ್, ಕೌನ್ಸೆಲರ್ ಎಲ್ಲ ಒಂದೇನಾ?

ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರ್. ಮಾತ್ರೆ ಬರೆಯುವವರು ಅವರೇ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಮಾಡುತ್ತಾರೆ, ಮನಸ್ಸಿಗೆ ಸಂಬಂಧಿಸಿದ ಪರೀಕ್ಷೆಗಳನ್ನೂ ಮಾಡುತ್ತಾರೆ. ಅವರಿಗೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಇರಬೇಕು. ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಎಂಬ ಇನ್ನೊಂದು ಹುದ್ದೆ ಇದೆ. ಇವರ ಬಗ್ಗೆ ಜನಕ್ಕೆ ಅಷ್ಟು ಗೊತ್ತಿಲ್ಲ. ಕುಟುಂಬದ ಜೊತೆ ಕೂತು ಕೆಲಸ ಮಾಡುವುದರಲ್ಲಿ ಇವರಿಗೆ ಒಳ್ಳೆಯ ತರಬೇತಿ ಇರುತ್ತದೆ. ಕೌನ್ಸೆಲರ್‌ಗಳು ಸಾಮಾನ್ಯವಾಗಿ ಸೈಕಾಲಜಿ ಅಥವಾ ಕೌನ್ಸೆಲಿಂಗ್‌ನಲ್ಲಿ ಎಂಎ ಇಲ್ಲವೇ ಎಂಎಸ್ಸಿ ಮಾಡಿರುತ್ತಾರೆ.

ಒಂದು ಎಚ್ಚರಿಕೆ. ಒಂದು ವಾರಾಂತ್ಯದ ಕೋರ್ಸ್ ಮಾಡಿ ಬೋರ್ಡ್ ಹಾಕಿಕೊಂಡವರೂ ನಮ್ಮ ನಡುವೆ ಇದ್ದಾರೆ. ಆರೋಗ್ಯ ವೃತ್ತಿಗಳಿಗಾಗಿ 2021ರಲ್ಲಿ ಬಂದ ರಾಷ್ಟ್ರೀಯ ಆಯೋಗದ ಕಾನೂನಿನೊಳಗೆ ಸೈಕಾಲಜಿ, ಕೌನ್ಸೆಲಿಂಗ್ ಕೆಲಸಗಳೂ ಬರುತ್ತವೆ. ಆದರೂ ನಿಮ್ಮ ಜಾಗ್ರತೆ ನಿಮಗಿರಲಿ. "ನೀವು ಎಲ್ಲಿ ಓದಿದ್ದೀರಿ? ಜೋಡಿಗಳ ಜೊತೆ, ಕುಟುಂಬದ ಜೊತೆ ಕೆಲಸ ಮಾಡಿದ ಅನುಭವ ಇದೆಯಾ?" ಎಂದು ಕೇಳಿ. ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಯಾವಾಗ ಒಬ್ಬರೇ ಹೋದರೆ ಸಾಕು?

ನಿದ್ದೆ ಇಲ್ಲ, ಎದೆ ಡವಡವ, ಪರೀಕ್ಷೆ ಭಯ, ಸಾವಿನ ದುಃಖ, ಹಳೆಯ ಆಘಾತ, ಯಾವುದರಲ್ಲೂ ಮನಸ್ಸಿಲ್ಲದಿರುವುದು, ಕೈ ತೊಳೆದಷ್ಟೂ ತೊಳೆಯಬೇಕು ಅನ್ನಿಸುವುದು. ಇಂಥವಕ್ಕೆ ಒಬ್ಬರೇ ಹೋಗಿ ಶುರುಮಾಡಬಹುದು. ಹೆಚ್ಚಾಗಿ ಬಳಸುವ ವಿಧಾನ ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ. 1960ರ ದಶಕದಲ್ಲಿ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಎಂಬ ಮನೋವೈದ್ಯರು ಖಿನ್ನತೆ ಇದ್ದವರನ್ನು ನೋಡುತ್ತಾ ಒಂದು ವಿಷಯ ಗಮನಿಸಿದರು. ಅವರ ತಲೆಯಲ್ಲಿ ತಮ್ಮ ಬಗ್ಗೆ, ಲೋಕದ ಬಗ್ಗೆ, ಮುಂದಿನ ದಿನಗಳ ಬಗ್ಗೆ ಕೆಟ್ಟ ಯೋಚನೆಗಳು ತಾವಾಗಿಯೇ ಬರುತ್ತಲೇ ಇರುತ್ತಿದ್ದವು. ಆ ಯೋಚನೆಗಳನ್ನು ಅವರು ಸತ್ಯ ಎಂದೇ ನಂಬಿರುತ್ತಿದ್ದರು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮ್ಯಾನೇಜರ್ ಮೇಲ್‌ಗೆ ಉತ್ತರ ಕೊಡಲಿಲ್ಲ. ತಕ್ಷಣ "ನನ್ನನ್ನು ಕೆಲಸದಿಂದ ತೆಗೆಯುತ್ತಾರೆ" ಅನ್ನಿಸಿತು. ಹೊಟ್ಟೆ ತೊಳಸಿತು, ರಾತ್ರಿ ನಿದ್ದೆ ಹೋಯಿತು. ಮರುದಿನ ಮೀಟಿಂಗ್‌ನಲ್ಲಿ ಬಾಯಿ ಬಿಡಲಿಲ್ಲ. ಬಾಯಿ ಬಿಡದ್ದಕ್ಕೆ ಕೆಲಸ ಇನ್ನಷ್ಟು ಹಿಂದೆ ಬಿತ್ತು. ಸಿಬಿಟಿಯಲ್ಲಿ ಈ ಸರಪಳಿಯನ್ನು ಹಾಳೆಯ ಮೇಲೆ ಬರೆಸುತ್ತಾರೆ. ಆ ಯೋಚನೆಗೆ ಆಧಾರ ಏನಿದೆ, ಬೇರೆ ಕಾರಣ ಇರಬಹುದಾ ಎಂದು ಕೇಳುತ್ತಾರೆ. "ಪಾಸಿಟಿವ್ ಆಗಿ ಯೋಚಿಸಿ" ಎಂದು ಸುಮ್ನೆ ಹೇಳಿ ಕಳಿಸುವುದಿಲ್ಲ. ಬಸ್ಸು ಹತ್ತಿದರೆ ಉಸಿರುಗಟ್ಟುತ್ತದೆ ಎಂದು ಬಸ್ಸನ್ನೇ ಬಿಟ್ಟವರನ್ನು ಹಂತ ಹಂತವಾಗಿ ಮತ್ತೆ ಬಸ್ಸು ಹತ್ತಿಸುತ್ತಾರೆ. ಮೊದಲು ಸ್ಟಾಪ್‌ನಲ್ಲಿ ನಿಲ್ಲುವುದು, ಆಮೇಲೆ ಒಂದು ಸ್ಟಾಪ್ ದೂರ, ಆಮೇಲೆ ಜಾಸ್ತಿ. ಹಾಸಿಗೆ ಬಿಟ್ಟು ಏಳಲಾಗದವರಿಗೆ ಯೋಚನೆಗಿಂತ ಮೊದಲು ಕೆಲಸ ಕೊಡುತ್ತಾರೆ. ಸ್ನಾನ, ಸಂಜೆ ಸ್ವಲ್ಪ ನಡಿಗೆ, ಒಬ್ಬ ಸ್ನೇಹಿತರಿಗೆ ಫೋನ್. ಮನಸ್ಸು ಬಂದ ಮೇಲೆ ಮಾಡುತ್ತೇನೆ ಎಂದು ಕಾದರೆ ಖಿನ್ನತೆಯಲ್ಲಿ ಆ ಮನಸ್ಸು ಬರುವುದೇ ಕಷ್ಟ. ಮಾಡುತ್ತಾ ಹೋದಂತೆ ಅದು ಬರುತ್ತದೆ.

ಮಾತ್ರೆ ತಗೊಳ್ಳಬೇಕಾಗುತ್ತಾ?

ಕೆಲವರಿಗೆ ಬೇಕು, ಕೆಲವರಿಗೆ ಬೇಡ. ಹಗುರ ಖಿನ್ನತೆ, ಆತಂಕಕ್ಕೆ ಮಾತಿನ ಚಿಕಿತ್ಸೆಯೇ ಸಾಕಾಗಬಹುದು. ಖಿನ್ನತೆ ತೀವ್ರವಾಗಿದ್ದರೆ, ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವ ಕಾಯಿಲೆ) ಇದ್ದರೆ, ಯಾರೋ ಮಾತಾಡುವ ಹಾಗೆ ದನಿ ಕೇಳಿಸುತ್ತಿದ್ದರೆ ಸೈಕಿಯಾಟ್ರಿಸ್ಟ್ ನೋಡಲೇಬೇಕು. ಶುರುಮಾಡಿದ ಮಾತ್ರೆಯನ್ನು ಡಾಕ್ಟರಿಗೆ ಹೇಳದೆ ನಿಲ್ಲಿಸಬೇಡಿ.

ಗಂಡ ಹೆಂಡತಿ ಒಟ್ಟಿಗೆ ಹೋದರೆ ಅಲ್ಲಿ ಏನು ನಡೆಯುತ್ತದೆ? ಯಾರದು ತಪ್ಪು ಎಂದು ಹೇಳುತ್ತಾರಾ?

ಹೇಳುವುದಿಲ್ಲ. ಇದು ಪಂಚಾಯಿತಿ ಅಲ್ಲ. ತುಂಬಾ ಜನ ಮೊದಲ ದಿನ ಸಾಕ್ಷಿ ಸಮೇತ ಬರುತ್ತಾರೆ. ಫೋನಿನಲ್ಲಿ ಸ್ಕ್ರೀನ್‌ಶಾಟ್, ಮನಸ್ಸಿನಲ್ಲಿ ಮದುವೆಯ ದಿನದಿಂದ ಇಟ್ಟುಕೊಂಡ ಲೆಕ್ಕ. ಕೌನ್ಸೆಲರ್ ಕಣ್ಣು ಬೇರೆ ಕಡೆ ಇರುತ್ತದೆ. ಜಗಳದ ವಿಷಯ ಯಾವುದಾದರೂ ಇರಲಿ, ಜಗಳ ಹೇಗೆ ಶುರುವಾಗುತ್ತದೆ, ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ನೋಡುತ್ತಾರೆ.

ತುಂಬಾ ಮನೆಗಳಲ್ಲಿ ಕಾಣುವ ಒಂದು ಸುತ್ತು ಇದೆ. ಒಬ್ಬರು ಹಿಂದೆ ಬೀಳುತ್ತಾರೆ, ಇನ್ನೊಬ್ಬರು ಹಿಂದೆ ಸರಿಯುತ್ತಾರೆ. "ರೀ, ಸ್ವಲ್ಪ ಮಾತಾಡೋಣ." "ಈಗ ಬೇಡ, ತಲೆ ನೋಯ್ತಿದೆ." "ಯಾವಾಗಲೂ ಹಿಂಗೇ. ನಿಮ್ಮಮ್ಮನ ಜೊತೆ ಗಂಟೆಗಟ್ಟಲೆ ಫೋನು, ನನ್ನ ಹತ್ರ ಮಾತೇ ಇಲ್ಲ." ಅವರು ಎದ್ದು ಬಾಲ್ಕನಿಗೆ ಹೋಗುತ್ತಾರೆ. ಇವರಿಗೆ ತಾನು ಒಂಟಿ ಅನ್ನಿಸುತ್ತದೆ, ದನಿ ಏರುತ್ತದೆ. ಅವರಿಗೆ ತಾನು ಏನು ಮಾಡಿದರೂ ಸಾಲದು ಅನ್ನಿಸುತ್ತದೆ, ಇನ್ನೂ ದೂರ ಹೋಗುತ್ತಾರೆ. ಇಬ್ಬರೂ ಕೆಟ್ಟವರಲ್ಲ. ಇಬ್ಬರಿಗೂ ಭಯ ಇದೆ. ಕೆನಡಾದಲ್ಲಿ 1980ರ ದಶಕದಲ್ಲಿ ಸೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ ರೂಪಿಸಿದ ಎಮೋಷನಲಿ ಫೋಕಸ್ಡ್ ಥೆರಪಿ ಇದನ್ನೇ ಹಿಡಿಯುತ್ತದೆ. ಕೋಪದ ಕೆಳಗಿರುವ ನೋವನ್ನು, ಮೌನದ ಕೆಳಗಿರುವ ಅಂಜಿಕೆಯನ್ನು ಒಬ್ಬರು ಇನ್ನೊಬ್ಬರಿಗೆ ಮೆಲ್ಲಗೆ ಹೇಳುವಂತೆ ಮಾಡುತ್ತದೆ. "ನೀವು ಎದ್ದು ಹೋದಾಗ ನಾನು ನಿಮಗೆ ಬೇಡವಾದೆ ಅನ್ನಿಸುತ್ತೆ" ಎಂಬ ಮಾತು ಎಷ್ಟೋ ಮದುವೆಗಳಲ್ಲಿ ಒಮ್ಮೆಯೂ ಹೊರಗೆ ಬಂದಿರುವುದಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಇನ್ನೊಂದು ದಾರಿ ಹಿಡಿದರು. ಜೋಡಿಗಳು ಮಾತಾಡುವುದನ್ನು ವಿಡಿಯೋ ಮಾಡಿ ವರ್ಷಗಟ್ಟಲೆ ಅಧ್ಯಯನ ಮಾಡಿದರು. ಸಂಬಂಧವನ್ನು ತಿನ್ನುವ ನಾಲ್ಕು ನಡವಳಿಕೆಗಳನ್ನು ಅವರು ಗುರುತಿಸಿದ್ದಾರೆ. ಮಾಡಿದ ತಪ್ಪನ್ನು ಬಿಟ್ಟು ವ್ಯಕ್ತಿಯನ್ನೇ ದೂರುವುದು, ತಾತ್ಸಾರ, ಪ್ರತಿ ಮಾತಿಗೂ ತನ್ನನ್ನು ಸಮರ್ಥಿಸಿಕೊಳ್ಳುವುದು, ಬಾಯಿಗೆ ಬೀಗ ಹಾಕಿ ಕೂರುವುದು. ಇವುಗಳಲ್ಲಿ ತಾತ್ಸಾರವೇ ಎಲ್ಲಕ್ಕಿಂತ ಅಪಾಯ. ಕಣ್ಣು ಹೊರಳಿಸುವುದು, ನೆಂಟರ ಮುಂದೆ ಅಣಕಿಸುವುದು, "ನಿಮ್ಮ ಮನೆಯವರಿಗೆ ಅಷ್ಟೇ ಗೊತ್ತಿರೋದು" ಎನ್ನುವುದು. ನಮ್ಮಲ್ಲಿ ಇದನ್ನು ತಮಾಷೆ ಎಂದು ಬಿಟ್ಟುಬಿಡುತ್ತೇವೆ. ಬಿಡಬಾರದು.

ಗಂಡ ಬರಲ್ಲ ಅಂತಾರೆ. ನಾನೊಬ್ಬಳೇ ಹೋದರೆ ಪ್ರಯೋಜನ ಇದೆಯಾ?

ಇದೆ. ಸುತ್ತಿನಲ್ಲಿ ಒಬ್ಬರ ಹೆಜ್ಜೆ ಬದಲಾದರೆ ಇನ್ನೊಬ್ಬರು ಹಳೆಯ ಥರ ನಡೆಯುವುದು ಕಷ್ಟವಾಗುತ್ತದೆ. ಅದೂ ಅಲ್ಲದೆ, ಈ ಸಂಬಂಧದಲ್ಲಿ ನಿಮಗೇನು ಬೇಕು, ಏನನ್ನು ಸಹಿಸಲಾರಿರಿ ಎಂದು ನಿಮಗೆ ಸ್ಪಷ್ಟವಾಗುತ್ತದೆ. ಅವರನ್ನು ಕರೆಯುವಾಗ "ನಿಮಗೆ ಟ್ರೀಟ್‌ಮೆಂಟ್ ಬೇಕು" ಎನ್ನಬೇಡಿ. "ನನಗೆ ಕಷ್ಟ ಆಗ್ತಿದೆ, ನೀವು ಒಂದು ಸಲ ಜೊತೆಗೆ ಬಂದರೆ ನನಗೆ ಸಹಾಯ ಆಗುತ್ತೆ" ಎಂದು ಕೇಳಿ ನೋಡಿ.

ಮನೆಯಲ್ಲಿ ಹೊಡೆತ ಬಡಿತ ಇದೆ. ಜೋಡಿಯಾಗಿ ಕೌನ್ಸೆಲಿಂಗ್ ಮಾಡಿಸಬೇಕಾ?

ಬೇಡ. ಕೋಣೆಯಲ್ಲಿ ನಿಜ ಹೇಳಿದ್ದಕ್ಕೆ ಮನೆಗೆ ಹೋದ ಮೇಲೆ ಏಟು ಬೀಳುವುದಾದರೆ ಅದು ಚಿಕಿತ್ಸೆಯೇ ಅಲ್ಲ. ಮೊದಲು ನಿಮ್ಮ ಸುರಕ್ಷತೆ. ಒಬ್ಬರೇ ಕೌನ್ಸೆಲರ್‌ರನ್ನು ನೋಡಿ, ಎಲ್ಲವನ್ನೂ ಹೇಳಿ. ಮಹಿಳಾ ಸಹಾಯವಾಣಿ 181. ತುರ್ತು ಇದ್ದರೆ 112. ರಾಜ್ಯದ ಸಾಂತ್ವನ ಕೇಂದ್ರಗಳಲ್ಲೂ ನೆರವು ಸಿಗುತ್ತದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾನೂನಿನಲ್ಲಿ ಹೊಡೆತ ಮಾತ್ರ ಅಲ್ಲ, ಬೈಗುಳ, ಅವಮಾನ, ಖರ್ಚಿಗೆ ಹಣ ಕೊಡದೆ ಹಿಂಸಿಸುವುದೂ ಸೇರಿದೆ. "ಸ್ವಲ್ಪ ತಗ್ಗಿ ಬಗ್ಗಿ ನಡೀರಿ" ಎಂದು ಹೇಳುವ ಕೌನ್ಸೆಲರ್ ಸಿಕ್ಕರೆ ಅವರನ್ನು ಬಿಟ್ಟುಬಿಡಿ.

ಫ್ಯಾಮಿಲಿ ಕೋರ್ಟ್‌ನಲ್ಲಿ ಕಳಿಸುವ ಕೌನ್ಸೆಲಿಂಗ್ ಕೂಡ ಇದೇನಾ?

ಅಲ್ಲ. 1984ರ ಕುಟುಂಬ ನ್ಯಾಯಾಲಯ ಕಾಯ್ದೆಯ ಪ್ರಕಾರ, ಸಾಧ್ಯವಿದ್ದ ಕಡೆ ರಾಜಿಗೆ ಪ್ರಯತ್ನ ಮಾಡುವುದು ಕೋರ್ಟಿನ ಕೆಲಸ. ಅದು ಪ್ರಕರಣಕ್ಕೆ ಸಂಬಂಧಿಸಿದ ಮಾತುಕತೆ. ಜೋಡಿ ಥೆರಪಿಗೆ ಅಂಥ ಗುರಿ ಮೊದಲೇ ಇರುವುದಿಲ್ಲ. ಒಟ್ಟಿಗೆ ಇರೋಣ ಎಂದೂ ತೀರ್ಮಾನವಾಗಬಹುದು, ಮಕ್ಕಳಿಗೆ ನೋವಾಗದಂತೆ ಬೇರೆಯಾಗೋಣ ಎಂದೂ ಆಗಬಹುದು. ಎರಡನೆಯದಾದರೆ ಥೆರಪಿ ಸೋತಿತು ಅಂತಲ್ಲ.

ಇಡೀ ಮನೆಯವರನ್ನು ಕೂರಿಸುವುದು ಏಕೆ? ಕಾಯಿಲೆ ಒಬ್ಬರಿಗೆ ತಾನೇ?

ಈ ಪ್ರಶ್ನೆಗೆ ಭಾರತದಲ್ಲೇ ಒಂದು ಒಳ್ಳೆಯ ಉತ್ತರ ಇದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಎಂಬ ವೈದ್ಯರಿದ್ದರು. ಆಸ್ಪತ್ರೆಯ ಬಯಲಿನಲ್ಲಿ ಟೆಂಟ್ ಹಾಕಿಸಿ, ರೋಗಿಗಳ ಜೊತೆ ಅವರ ಮನೆಯವರೂ ಇರುವಂತೆ ಮಾಡಿದರು. ಕಾಯಿಲೆ ಏನು, ಹೇಗೆ ನೋಡಿಕೊಳ್ಳಬೇಕು ಎಂದು ಮನೆಯವರಿಗೂ ಹೇಳಿಕೊಟ್ಟರು. ರೋಗಿಗಳು ಬೇಗ ಚೇತರಿಸಿಕೊಂಡು ಮನೆಗೆ ಹೋದರು. ಅವರನ್ನು ಮರಳಿ ಕರೆದುಕೊಳ್ಳಲು ಮನೆಯವರಿಗೂ ಹೆದರಿಕೆ ಉಳಿಯಲಿಲ್ಲ. ರೋಗಿಗಳನ್ನು ಮನೆಯವರಿಂದ ದೂರ, ಗೋಡೆಗಳ ಹಿಂದೆ ಇಡುತ್ತಿದ್ದ ಕಾಲ ಅದು. ಆ ಕೆಲಸ ನೆನೆದರೆ ನನಗೆ ಈಗಲೂ ಹೆಮ್ಮೆ ಅನ್ನಿಸುತ್ತದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೇ ಬೇರೆ ವಿಭಾಗ ಇದೆ. ಇಡೀ ಕುಟುಂಬವನ್ನು ದಾಖಲಿಸಿಕೊಂಡು ಚಿಕಿತ್ಸೆ ಕೊಡುವ ಪದ್ಧತಿ ಅಲ್ಲಿ ಬಹಳ ವರ್ಷಗಳಿಂದ ನಡೆದಿದೆ.

ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಜೊತೆಗಾರರು ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವಂಥ, ವಾಸ್ತವದ ಹಿಡಿತ ತಪ್ಪುವ ಕಾಯಿಲೆ) ಇದ್ದವರ ಮನೆಗಳನ್ನು ಅಧ್ಯಯನ ಮಾಡಿದ್ದರು. ಟೀಕೆ, ಸಿಡುಕು, ಅತಿಯಾದ ಕಣ್ಗಾವಲು ಇರುವ ಮನೆಗೆ ಮರಳಿದವರಲ್ಲಿ ಕಾಯಿಲೆ ಮತ್ತೆ ಕೆರಳುವುದು ಜಾಸ್ತಿ ಎಂದು ಕಂಡುಬಂತು. ಮುಂದೆ ಚಂಡೀಗಢದಲ್ಲೂ ಇಂಥ ಅಧ್ಯಯನ ನಡೆಯಿತು. ಅಲ್ಲಿನ ಮನೆಗಳಲ್ಲಿ ಅಂಥ ಟೀಕೆ ಲಂಡನ್ನಿಗಿಂತ ಕಡಿಮೆ ಇತ್ತು. ಮನೆಯವರಿಂದ ಕಾಯಿಲೆ ಬರುತ್ತದೆ ಎಂದು ಇದರ ಅರ್ಥ ಅಲ್ಲ. ದಯವಿಟ್ಟು ಯಾವ ತಾಯಿಯೂ ಹಾಗೆ ತಿಳಿದುಕೊಳ್ಳಬೇಡಿ. ಚೇತರಿಕೆಯಲ್ಲಿ ಮನೆಯವರ ಕೈ ದೊಡ್ಡದು, ಅಷ್ಟೇ.

ಈಗ ಕಾಯಿಲೆಯ ಹೆಸರಿಲ್ಲದ ಒಂದು ಸನ್ನಿವೇಶ ನೋಡೋಣ. ಸೆಕೆಂಡ್ ಪಿಯುಸಿ ಹುಡುಗ ಕಾಲೇಜಿಗೆ ಹೋಗುವುದನ್ನು ನಿಲ್ಲಿಸಿದ್ದಾನೆ. ದಿನವಿಡೀ ಬಾಗಿಲು ಹಾಕಿಕೊಂಡು ಫೋನು. "ಇವನಿಗೆ ಬುದ್ಧಿ ಹೇಳಿ ಮೇಡಂ" ಎಂದು ಅಪ್ಪ ಅಮ್ಮ ಕರೆತರುತ್ತಾರೆ. ಹುಡುಗನಿಗೆ ಖಿನ್ನತೆ ಇದೆಯಾ, ಕಾಲೇಜಿನಲ್ಲಿ ಯಾರಾದರೂ ಕಾಡುತ್ತಿದ್ದಾರಾ ಎಂದು ಅವನೊಬ್ಬನ ಜೊತೆ ಕೂತು ಕೇಳಲೇಬೇಕು. ಎಲ್ಲರೂ ಒಟ್ಟಿಗೆ ಕೂತಾಗ ಬೇರೆ ಸಂಗತಿಯೂ ಕಾಣುತ್ತದೆ. ಹುಡುಗನಿಗೆ ಕೇಳಿದ ಪ್ರಶ್ನೆಗೆ ಅಮ್ಮ ಉತ್ತರ ಕೊಡುತ್ತಾರೆ. ಅಪ್ಪ ಕಿಟಕಿ ಕಡೆ ನೋಡುತ್ತಾರೆ. ಅಜ್ಜಿ ಮೊಮ್ಮಗನ ಕೈ ಹಿಡಿದುಕೊಂಡು "ಮಗುಗೆ ಬೈಬೇಡಿ" ಎನ್ನುತ್ತಾರೆ. ವಿಚಾರಿಸುತ್ತಾ ಹೋದರೆ, ಗಂಡ ಹೆಂಡತಿ ಇಬ್ಬರೂ ವರ್ಷಗಳಿಂದ ಈ ಹುಡುಗನ ವಿಷಯ ಬಿಟ್ಟು ಬೇರೇನೂ ಮಾತಾಡಿಲ್ಲ ಎಂದು ತಿಳಿಯಬಹುದು.

ಮರ್ರೆ ಬೋವನ್ ಎಂಬ ಮನೋವೈದ್ಯರು ಇದನ್ನು ತ್ರಿಕೋನ ಎಂದು ಕರೆದರು. ಇಬ್ಬರ ನಡುವಿನ ಬಿಗಿ ತಡೆಯಲಾಗದೆ ಮೂರನೆಯವರನ್ನು ನಡುವೆ ಎಳೆದುಕೊಳ್ಳುವುದು. ಸಾಲ್ವಡಾರ್ ಮಿನುಚಿನ್ ಎಂಬ ಇನ್ನೊಬ್ಬರು ಕೋಣೆಯಲ್ಲೇ ಕೆಲಸ ಶುರುಮಾಡುತ್ತಿದ್ದರು. ಯಾರು ಯಾರ ಪಕ್ಕ ಕೂರಬೇಕು ಎಂದು ಬದಲಾಯಿಸುವುದು, ಒಬ್ಬರ ಪರವಾಗಿ ಇನ್ನೊಬ್ಬರು ಉತ್ತರ ಕೊಡದಂತೆ ತಡೆಯುವುದು, ಅಪ್ಪ ಅಮ್ಮ ಇಬ್ಬರೇ ಮಾತಾಡಿ ಒಂದು ತೀರ್ಮಾನಕ್ಕೆ ಬರುವಂತೆ ಮಾಡುವುದು. ಕೌನ್ಸೆಲರ್ ಮೂರು ತಲೆಮಾರಿನ ನಕ್ಷೆಯನ್ನೂ ಬರೆಯಬಹುದು. ಯಾರು ಯಾರ ಜೊತೆ ಹತ್ತಿರ, ಯಾರ ಜೊತೆ ಮಾತು ಬಿಟ್ಟಿದ್ದಾರೆ, ಕುಡಿತ ಯಾರಿಂದ ಬಂತು, ಆಸ್ತಿ ಜಗಳ ಯಾವಾಗ ಆಯಿತು ಎಲ್ಲ ಅದರಲ್ಲಿ ಬರುತ್ತದೆ. ಆ ಹಾಳೆ ನೋಡುತ್ತಾ ಅಪ್ಪ "ನಮ್ಮಪ್ಪನೂ ನನ್ನ ಹತ್ರ ಹಿಂಗೇ ಮಾತಾಡ್ತಿರಲಿಲ್ಲ" ಎಂದು ತಾವಾಗಿಯೇ ಹೇಳುವುದುಂಟು.

ಅತ್ತೆ ಮಾವನನ್ನೂ ಕರೆದುಕೊಂಡು ಹೋಗಬೇಕಾ?

ಅವರ ಮಾತಿನ ಮೇಲೆ ಮನೆ ನಡೆಯುತ್ತಿದ್ದರೆ ಒಂದೆರಡು ಭೇಟಿಗಾದರೂ ಕರೆಯುವುದು ಒಳ್ಳೆಯದು. ಈ ವಿಧಾನಗಳಲ್ಲಿ ಬಹಳಷ್ಟು ಹುಟ್ಟಿದ್ದು ಗಂಡ, ಹೆಂಡತಿ, ಮಕ್ಕಳು ಮಾತ್ರ ಇರುವ ಸಂಸಾರಗಳ ನಡುವೆ. ನಮ್ಮಲ್ಲಿ ಸೊಸೆಯ ಕೆಲಸದ ತೀರ್ಮಾನವನ್ನು ಮಾವ ಮಾಡುತ್ತಾರೆ, ಮಗುವಿನ ಶಾಲೆಯನ್ನು ಅಜ್ಜಿ ಆರಿಸುತ್ತಾರೆ. "ಬೇರೆ ಮನೆ ಮಾಡಿ" ಎಂದು ಮೊದಲ ದಿನವೇ ಹೇಳುವ ಕೌನ್ಸೆಲರ್ ನಮ್ಮ ಮನೆಗಳನ್ನು ಅರ್ಥಮಾಡಿಕೊಂಡಿಲ್ಲ. ಹಿರಿಯರ ಮರ್ಯಾದೆ ಉಳಿಸಿಕೊಂಡು ಗಂಡ ಹೆಂಡತಿಗೆ ತಮ್ಮದೇ ಜಾಗ ಮಾಡಿಕೊಡಲು ಆಗುತ್ತದೆ. ಆದರೆ ಸೊಸೆಯೊಬ್ಬಳನ್ನು ನಡುವೆ ಕೂರಿಸಿ ಎಲ್ಲರೂ ದೂರುವ ಸಭೆ ಆಗಬಾರದು. ಅದನ್ನು ತಡೆಯುವುದು ಕೌನ್ಸೆಲರ್ ಹೊಣೆ.

ನಾನು ಹೇಳಿದ್ದನ್ನು ಮನೆಯವರಿಗೆ ಹೇಳಿಬಿಡುತ್ತಾರಾ?

ನಿಮ್ಮ ಒಪ್ಪಿಗೆ ಇಲ್ಲದೆ ಹೇಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗೋಪ್ಯತೆಯನ್ನು ಹಕ್ಕು ಎಂದೇ ಬರೆದಿದ್ದಾರೆ. ಕೆಲವು ಕಡೆ ಅದಕ್ಕೆ ಮಿತಿ ಇದೆ. ನಿಮ್ಮ ಜೀವಕ್ಕೆ ಅಥವಾ ಇನ್ನೊಬ್ಬರಿಗೆ ಅಪಾಯ ಇದ್ದರೆ, ಕೋರ್ಟ್ ಕೇಳಿದರೆ ಹೇಳಬೇಕಾಗುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಗೊತ್ತಾದರೆ ಪೋಕ್ಸೊ ಕಾನೂನಿನಂತೆ ತಿಳಿಸಲೇಬೇಕು. ಜೋಡಿಯಾಗಿ ಹೋಗುವವರು ಒಂದು ಪ್ರಶ್ನೆಯನ್ನು ಮೊದಲೇ ಕೇಳಿಬಿಡಿ. "ನಾನೊಬ್ಬನೇ ಇದ್ದಾಗ ಹೇಳಿದ ಗುಟ್ಟನ್ನು ನೀವು ಏನು ಮಾಡುತ್ತೀರಿ?" ಕೆಲವರು ಅದನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ಕೆಲವರು ಗುಟ್ಟಿಟ್ಟುಕೊಂಡು ಜೋಡಿಯ ಜೊತೆ ಕೆಲಸ ಮಾಡಲಾಗದು ಎನ್ನುತ್ತಾರೆ.

ಪೂಜೆ, ಹರಕೆ ಬಿಡಬೇಕಾ?

ಬಿಡಬೇಕಿಲ್ಲ. ನಂಬಿಕೆಯಿಂದ ಬಲ ಸಿಗುತ್ತಿದ್ದರೆ ಇಟ್ಟುಕೊಳ್ಳಿ. ಆದರೆ ಮೈಮೇಲೆ ಬಂದಿದೆ ಎಂದು ಹೊಡೆಯುವುದು, ಕಟ್ಟಿಹಾಕುವುದು, ಊಟ ನೀರು ಕೊಡದಿರುವುದು ಇವ್ಯಾವುದಕ್ಕೂ ಒಪ್ಪಬೇಡಿ.

ಹಣ ಜಾಸ್ತಿ ಇಲ್ಲ. ಎಲ್ಲಿಗೆ ಹೋಗಲಿ?

ಮೊದಲು 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರುತ್ತದೆ. ದೇಶಕ್ಕೆಲ್ಲ ಹಬ್ಬಿದ ಈ ಕಾರ್ಯಕ್ರಮಕ್ಕೆ ಮಾದರಿಯಾಗಿದ್ದು ನಮ್ಮ ಬಳ್ಳಾರಿ ಜಿಲ್ಲೆ. ಅಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲಿ ಪ್ರಯೋಗ ಮಾಡಿತ್ತು. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಎಂಬ ಯೋಜನೆಯಡಿ ಮಂಗಳವಾರಗಳಂದು ಮನೋವೈದ್ಯರು ನೋಡುತ್ತಾರೆ. ಯಾವ ಮಂಗಳವಾರ ಎಂದು ನಿಮ್ಮ ಆಸ್ಪತ್ರೆಯಲ್ಲಿ ವಿಚಾರಿಸಿ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಬೆಂಗಳೂರಿನಲ್ಲಿ ಕಟ್ಟಿದ ಸಮಾಧಾನ ಕೇಂದ್ರ ಉಚಿತ ಆಪ್ತ ಸಮಾಲೋಚನೆಗೇ ಹೆಸರಾಗಿದೆ.

ಎಷ್ಟು ಸಲ ಹೋಗಬೇಕು?

ಒಂದು ಭೇಟಿ ಸಾಮಾನ್ಯವಾಗಿ 45ರಿಂದ 60 ನಿಮಿಷ. ಇಡೀ ಮನೆಯವರು ಕೂತರೆ ಇನ್ನೂ ಸ್ವಲ್ಪ ಜಾಸ್ತಿ. ಆತಂಕ, ಖಿನ್ನತೆಗೆ ಸಿಬಿಟಿ ಹೆಚ್ಚಾಗಿ 8ರಿಂದ 20 ಭೇಟಿಗಳಲ್ಲಿ ಮುಗಿಯುತ್ತದೆ. ಹಳೆಯ ಆಘಾತಗಳಿಗೆ, ಬಹಳ ವರ್ಷಗಳ ಜಗಳಗಳಿಗೆ ಹೆಚ್ಚು ಸಮಯ ಬೇಕು.

ನಾವು ವಿದೇಶದಲ್ಲಿದ್ದೇವೆ. ಕನ್ನಡದಲ್ಲೇ ಮಾತಾಡುವ ಕೌನ್ಸೆಲರ್ ಬೇಕಾ?

ಆಫೀಸಿನ ವಿಷಯವನ್ನು ಇಂಗ್ಲಿಷ್‌ನಲ್ಲಿ ಹೇಳಬಹುದು. ಅಮ್ಮನ ಮೇಲಿನ ಸಿಟ್ಟನ್ನು, ಊರಲ್ಲಿ ಅಪ್ಪ ತೀರಿಕೊಂಡಾಗ ಹೋಗಲಾಗದ ನೋವನ್ನು ಹೇಳುವಾಗ ಹುಟ್ಟಿದ ಮನೆಯ ಮಾತೇ ಬಾಯಿಗೆ ಬರುತ್ತದೆ. ಆನ್‌ಲೈನ್‌ನಲ್ಲಿ ಇದಕ್ಕೆ ದಾರಿ ಇದೆ. ಆದರೆ ನೀವಿರುವ ದೇಶದ ನಿಯಮ ನೋಡಿಕೊಳ್ಳಿ. ಅಮೆರಿಕದಲ್ಲಿ ಥೆರಪಿಸ್ಟ್ ಲೈಸೆನ್ಸ್ ರಾಜ್ಯದಿಂದ ರಾಜ್ಯಕ್ಕೆ ಬೇರೆ ಇರುತ್ತದೆ. ತುರ್ತು ಬಂದರೆ ನಿಮ್ಮ ಊರಿನಲ್ಲೇ ಯಾರನ್ನು ಕರೆಯಬೇಕು ಎಂದು ಮೊದಲ ಭೇಟಿಯಲ್ಲೇ ಗೊತ್ತುಮಾಡಿಕೊಳ್ಳಿ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡಲು ಜಾಗ ಇಲ್ಲದಿದ್ದರೆ ಪಾರ್ಕ್ ಮಾಡಿದ ಕಾರಿನಲ್ಲಿ ಕೂತು ಮಾತಾಡುವವರೂ ಇದ್ದಾರೆ. ಅದೂ ನಡೆಯುತ್ತದೆ.

ಮನೆಯಲ್ಲಿ ಒಬ್ಬರು "ಬದುಕೋದೇ ಬೇಡ" ಅಂತಿದ್ದಾರೆ. ಏನು ಮಾಡಲಿ?

ಭೇಟಿಯ ದಿನಕ್ಕೆ ಕಾಯಬೇಡಿ. ಹತ್ತಿರ ಕೂತು ನೇರವಾಗಿ ಕೇಳಿ, "ಸಾಯುವ ಯೋಚನೆ ಬರ್ತಿದೆಯಾ?" ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳಿದ್ದಕ್ಕೆ ಹೆಚ್ಚಿನವರಿಗೆ ಹಗುರವಾಗುತ್ತದೆ. ಒಬ್ಬರನ್ನೇ ಬಿಡಬೇಡಿ. ಹೊಲದ ಔಷಧಿ, ಹೆಚ್ಚಿನ ಮಾತ್ರೆಗಳನ್ನು ಕೈಗೆ ಸಿಗದಂತೆ ಬೀಗ ಹಾಕಿಡಿ. 14416ಕ್ಕೆ ಫೋನ್ ಮಾಡಿ, ಅಪಾಯ ಎದುರಿಗೇ ಇದ್ದರೆ 112ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಪೊಲೀಸ್ ಕೇಸ್ ಆಗುತ್ತದೆ ಎಂಬ ಹೆದರಿಕೆಗೆ ತಡಮಾಡಬೇಡಿ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ 2017ರ ಮಾನಸಿಕ ಆರೋಗ್ಯ ಕಾಯ್ದೆ ಪರಿಗಣಿಸುತ್ತದೆ. ಅವರ ಆರೈಕೆ ಸರ್ಕಾರದ ಹೊಣೆ ಎನ್ನುತ್ತದೆ.

ಕೌನ್ಸೆಲರ್ ಸರಿಹೋಗಲಿಲ್ಲ ಅಂದರೆ ಬದಲಾಯಿಸಬಹುದಾ?

ಖಂಡಿತ. ಮೂರು ನಾಲ್ಕು ಭೇಟಿ ಆದ ಮೇಲೂ ಮನಸ್ಸು ಬಿಚ್ಚಲು ಆಗುತ್ತಿಲ್ಲ ಅನ್ನಿಸಿದರೆ ಅದನ್ನು ಅವರಿಗೇ ಹೇಳಿ. ಎಷ್ಟೋ ಸಲ ಆ ಮಾತಿನಿಂದಲೇ ದಾರಿ ಸರಿಹೋಗುತ್ತದೆ. ಸರಿಹೋಗದಿದ್ದರೆ ಬೇರೆ ಯಾರನ್ನು ನೋಡಬಹುದು ಎಂದು ಅವರನ್ನೇ ಕೇಳಿ. ನಿಮ್ಮ ಜಾತಿ, ಧರ್ಮ, ಪ್ರೀತಿಸುವ ರೀತಿಯ ಬಗ್ಗೆ ಹಗುರವಾಗಿ ಮಾತಾಡಿದರೆ, ಕೋಣೆಯ ಹೊರಗೆ ಬೇರೆ ಸಂಬಂಧಕ್ಕೆ ಕೈಚಾಚಿದರೆ, ಇಬ್ಬರಲ್ಲಿ ಒಬ್ಬರ ಪಕ್ಷ ಹಿಡಿದು ಇನ್ನೊಬ್ಬರನ್ನು ಗದರಿಸಿದರೆ ಮತ್ತೆ ಹೋಗಬೇಡಿ. ಹಳೆಯ ವರದಿಗಳ ಪ್ರತಿ ಕೇಳಿ ಪಡೆದುಕೊಳ್ಳಿ. ಹೊಸಬರ ಹತ್ತಿರ ಎಲ್ಲವನ್ನೂ ಮೊದಲಿಂದ ಹೇಳುವ ಶ್ರಮ ಅಷ್ಟು ಕಡಿಮೆಯಾಗುತ್ತದೆ.